ಮಲೆನಾಡಿನ ನಕ್ಸಲರ ಕಥೆ ಮುಗಿದಿದ್ದು ಹೇಗೆ?

2025ರ ಜನವರಿ 8. ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಸ್ಟುಡಿಯೋದಲ್ಲಿ ಕೂತು ನಾನು ಕೇಳಿದ ಮೊದಲ ಪ್ರಶ್ನೆ: ಬಂದೂಕು ಎಲ್ಲಿ? ತಪ್ಪು ಪ್ರಶ್ನೆಯೇನಲ್ಲ ಬಿಡಿ. ಬರಿಗೈಲಿ ಬಂದಿದ್ರು, ಆಯುಧ ಆಮೇಲೆ ಕಾಡಿನಲ್ಲಿ ಸಿಕ್ತು. ಆದ್ರೆ ಇವರು ಬಂದೂಕು ಹಿಡಿದಿದ್ದಾದರೂ ಯಾಕೆ ಅನ್ನೋದಕ್ಕೆ ಅವತ್ತು ಐದು ನಿಮಿಷವನ್ನೂ ಕೊಡಲಿಲ್ಲ. ಈಗ ಕೊಡ್ತೀನಿ.

ಕುದುರೆಮುಖಕ್ಕೆ ಬನ್ನಿ. ಅಲ್ಲಿನ ರಾಷ್ಟ್ರೀಯ ಉದ್ಯಾನದ ಮೊದಲ ಘೋಷಣೆ ಆಗಿದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಸುಮಾರು 600 ಚದರ ಕಿಲೋಮೀಟರ್. ನಕ್ಷೆಯ ಮೇಲೆ ಅದೊಂದು ಗೆರೆ, ಅಷ್ಟೇ. ಗೆರೆಯೊಳಗೆ ತಲೆಮಾರುಗಳಿಂದ ಇದ್ದ ಮಲೆಕುಡಿಯರು, ಗೌಡಲು, ಸಣ್ಣ ರೈತರು ಒಕ್ಕಲೆಬ್ಬಿಸುವ ಭಯದಲ್ಲಿ ಬಿದ್ದರು. ಅದೇ ಹೊತ್ತಿಗೆ ಪಕ್ಕದಲ್ಲೇ ಗುಡ್ಡ ಅಗೆದು ಕಬ್ಬಿಣದ ಅದಿರು ತೆಗೀತಾ ಇದ್ರು! ಗಣಿ ನಿಂತಿದ್ದು ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ. ಗಣಿ ಇರಬಹುದು, ಎರಡೆಕರೆ ಗದ್ದೆಯವನು ಎದ್ದು ಹೋಗಬೇಕು ಅಂದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಆ ಸಿಟ್ಟಿನೊಳಕ್ಕೆ ನಕ್ಸಲರು ಬಂದರು. ನಾಯಕ ಸಾಕೇತ್ ರಾಜನ್ ಮೈಸೂರಿನವರು, ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಇತಿಹಾಸ ಬರೆದವರು. ಹಿಂದೆ ನಡೆದವರು ಅಲ್ಲಿಯದೇ ಹುಡುಗ, ಹುಡುಗಿಯರು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದಾಗ ರಾಜ್ಯ ಬೆಚ್ಚಿಬಿತ್ತು. ಗೌರಿ ಲಂಕೇಶ್ ಮುಂತಾದವರು ಮಾತುಕತೆ ಆಗಲಿ ಅಂತ ಓಡಾಡಿದರು. ಆಗಲಿಲ್ಲ. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ಸಾಕೇತ್ ಹತರಾದರು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ. ಪಾಪ, ಸತ್ತ ಪೊಲೀಸರೂ ಬಡವರ ಮನೆ ಮಕ್ಕಳೇ.

ಪೊಲೀಸ್ ಗುಂಡಿನಿಂದಲೇ ಗುಂಪು ಮುಗೀತು ಅಂತ ನಮ್ಮ ಚಾನೆಲ್‌ಗಳು ಹೇಳುತ್ತವೆ. ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. 2008ರಲ್ಲಿ ಸೀತಾನದಿಯಲ್ಲಿ, ಮಾಹಿತಿದಾರ ಅನ್ನೋ ಗುಮಾನಿಯ ಮೇಲೆ ಒಬ್ಬ ಶಾಲಾ ಮೇಷ್ಟ್ರನ್ನೇ ಕೊಂದರು. ಯಾರ ಪರ ಅಂತ ಕಾಡಿಗೆ ಹೋದರೋ ಅದೇ ಊರು ಇವರಿಗೂ ಹೆದರತೊಡಗಿತು. ರಾತ್ರಿ ಅನ್ನ ಹಾಕಿದರೆ ಹಗಲು ಪೊಲೀಸರು, ಹಾಕದಿದ್ದರೆ ರಾತ್ರಿ ಇವರು. ಒಳಗೇ ಕೆಲವರು, ಕರ್ನಾಟಕಕ್ಕೆ ಸಶಸ್ತ್ರ ಹೋರಾಟ ಹೊಂದಲ್ಲ ಅಂತ ವಾದ ಮಾಡಿ ಹೊರನಡೆದರು. ಅವರಲ್ಲಿ ನೂರ್ ಶ್ರೀಧರ್, ಸಿರಿಮನೆ ನಾಗರಾಜ್ 2014ರಲ್ಲಿ ಮುಖ್ಯವಾಹಿನಿಗೆ ಬಂದರು. ಉಳಿದವರು ಕೇರಳದ ಗಡಿ ಕಡೆಗೆ ಸರಿದರು. 2021ರಲ್ಲಿ ಬಿ.ಜಿ. ಕೃಷ್ಣಮೂರ್ತಿ ಬಂಧನ, 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ತಿರ ವಿಕ್ರಂ ಗೌಡ ಎನ್‌ಕೌಂಟರ್.

ನಾನು ಓದಿದ್ದು ಇಂಜಿನಿಯರಿಂಗ್. ಪದೇ ಪದೇ ಫ್ಯೂಸ್ ಹೋಗ್ತಿದ್ರೆ ಹೊಸ ಫ್ಯೂಸ್ ಹಾಕಿ ಎದ್ದು ಬರಬಾರದು, ಲೋಡ್ ಎಲ್ಲಿಂದ ಬರ್ತಿದೆ ನೋಡಬೇಕು.

ಫೆಬ್ರವರಿ ಶುರುವಿನಲ್ಲಿ ಇನ್ನಿಬ್ಬರು ಶರಣಾದರು. ಕರ್ನಾಟಕ ನಕ್ಸಲ್ ಮುಕ್ತ ಅಂತ ಸರ್ಕಾರ ಹೇಳಿತು, ನಾವೂ ದೊಡ್ಡಕ್ಷರದಲ್ಲಿ ಹಾಕಿದೆವು. ನಕ್ಷೆಯಲ್ಲಿನ ಆ ಗೆರೆ ಹಾಗೇ ಇದೆ. ಒಳಗಿನ ಹಳ್ಳಿಗೆ ರಸ್ತೆ, ಕರೆಂಟು ಬೇಕು ಅಂದ್ರೆ ಇವತ್ತಿಗೂ ಅರಣ್ಯ ಇಲಾಖೆಯ ಒಪ್ಪಿಗೆಗೆ ಕಾಯಬೇಕು.