ಧರ್ಮಚಕ್ರ ಮತ್ತು ಪ್ರಸ್ತಾವನೆ: ಭಾರತ ಗಣರಾಜ್ಯದ ಸ್ಥಾಪನೆಯ ಹಿಂದಣ ತತ್ತ್ವವಿಚಾರ

ರಾಜ್ಯವೊಂದು ಹುಟ್ಟುವಾಗ ಅದು ಶಾಸನವನ್ನು ಮಾತ್ರ ರಚಿಸಿಕೊಳ್ಳುವುದಿಲ್ಲ. ಧ್ವಜ, ಮುದ್ರೆ, ಧ್ಯೇಯವಾಕ್ಯಗಳನ್ನೂ ಆರಿಸಿಕೊಳ್ಳುತ್ತದೆ. ಇವುಗಳನ್ನು ಬರಿಯ ಅಲಂಕಾರಗಳೆಂದು ಎಣಿಸುವುದು ವಾಡಿಕೆ. ಆದರೆ ಒಂದು ಜನತೆ ತನ್ನ ಪರಂಪರೆಯಲ್ಲಿ ಯಾವುದನ್ನು ಕೈಹಿಡಿಯಿತು, ಯಾವುದನ್ನು ಕೈಬಿಟ್ಟಿತು, ಕೈಹಿಡಿದುದಕ್ಕೆ ಯಾವ ಹೊಸ ಅರ್ಥವನ್ನು ಕೊಟ್ಟಿತು ಎಂಬುದು ಈ ಆಯ್ಕೆಯಲ್ಲಿಯೇ ವ್ಯಕ್ತವಾಗುತ್ತದೆ. ಭಾರತ ಗಣರಾಜ್ಯದ ವಿಷಯದಲ್ಲಿ ಈ ಪರಿಶೀಲನೆಗೆ ವಿಶೇಷ ಕಾರಣವೂ ಉಂಟು. ನಮ್ಮ ರಾಜ್ಯಲಾಂಛನ ಬೌದ್ಧಕ್ಷೇತ್ರವೊಂದರ ಸ್ತಂಭದಿಂದ ಬಂದುದು. ಅದರ ಕೆಳಗಿನ ಧ್ಯೇಯವಾಕ್ಯ ಮುಂಡಕೋಪನಿಷತ್ತಿನದು. ಸಂವಿಧಾನವಾದರೋ ಯಾವ ಮತದ ಹೆಸರಿನಲ್ಲಿಯೂ ಪ್ರವೃತ್ತವಾದುದಲ್ಲ. ಮತಮೂಲವಾದ ಸಂಕೇತಗಳು ಇಂಥ ರಾಜ್ಯಕ್ಕೆ ಹೇಗೆ ಒಗ್ಗಿದವು? ಈ ಪ್ರಶ್ನೆಯನ್ನು ನಾವು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಧ್ವಜ

ಮೊದಲು ಧ್ವಜದ ಮಾತು. ೧೯೨೧ರಲ್ಲಿ ಗಾಂಧೀಜಿಯವರು ಮುಂದಿಟ್ಟ ಧ್ವಜದಲ್ಲಿ ಕೆಂಪು ಹಿಂದೂಗಳನ್ನೂ ಹಸಿರು ಮುಸಲ್ಮಾನರನ್ನೂ ಬಿಳಿ ಇತರ ಮತೀಯರನ್ನೂ ಸೂಚಿಸುತ್ತಿದ್ದಿತು. ನಡುವೆ ಚರಕವಿದ್ದಿತು. ಉದ್ದೇಶ ಉದಾರವಾದುದೇ. ಆದರೂ ಬಣ್ಣಕ್ಕೊಂದು ಸಮುದಾಯ ಎಂದೊಡನೆ ಬಣ್ಣ ದೊರೆಯದವರ ಪ್ರಶ್ನೆ ಏಳುವುದು ಸಹಜ. ಸಿಖ್ಖರು ತಮ್ಮ ಬಣ್ಣಕ್ಕೂ ಸ್ಥಾನವನ್ನು ಕೇಳಿದರು. ೧೯೩೧ರಲ್ಲಿ ಕಾಂಗ್ರೆಸ್ಸು ಕೇಸರಿ, ಬಿಳಿ, ಹಸಿರುಗಳನ್ನು ಅಂಗೀಕರಿಸಿದಾಗ, ಈ ಬಣ್ಣಗಳಿಗೆ ಮತೀಯವಾದ ಅರ್ಥವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಅವು ಇನ್ನು ಮುಂದೆ ಗುಣಗಳನ್ನು ಸೂಚಿಸತಕ್ಕವು. ಈ ವ್ಯತ್ಯಾಸ ಅಲ್ಪವಾದುದಲ್ಲ. ರಾಷ್ಟ್ರವೆಂದರೆ ಸಮುದಾಯಗಳ ಮೊತ್ತ ಎಂಬುದು ಮೊದಲಿನ ಭಾವನೆ. ಎಲ್ಲರೂ ಸಮಾನವಾಗಿ ಒಪ್ಪಬಹುದಾದ ಮೌಲ್ಯಗಳ ಸುತ್ತ ಕೂಡಿದ ಜನ ಎಂಬುದು ಅನಂತರದ ಭಾವನೆ.

೧೯೪೭ನೆಯ ಜುಲೈ ೨೨ರಂದು ಸಂವಿಧಾನಸಭೆಯಲ್ಲಿ ಧ್ವಜದ ನಿರ್ಣಯವನ್ನು ಜವಾಹರಲಾಲ್ ನೆಹರೂ ಅವರು ಮಂಡಿಸಿದರು. ಚರಕದ ಸ್ಥಾನದಲ್ಲಿ ಅಶೋಕನ ಚಕ್ರ ಬಂದುದಕ್ಕೆ ಅವರು ಕೊಟ್ಟ ಕಾರಣ ಬಹಳ ಸರಳವಾದುದು: ಧ್ವಜದ ಎರಡು ಮುಖಗಳಲ್ಲಿಯೂ ಚಿಹ್ನೆ ಒಂದೇ ತೆರನಾಗಿ ಕಾಣಬೇಕು, ಕದಿರು ಒಂದು ಕಡೆ, ಚಕ್ರ ಒಂದು ಕಡೆ ಇರುವ ಚರಕ ಹಿಂಬದಿಯಿಂದ ತಿರುವುಮುರುವಾಗುತ್ತದೆ. ಆದುದರಿಂದ ಚರಕದ ಚಕ್ರ ಉಳಿಯಿತು, ಉಳಿದ ಭಾಗಗಳು ಹೋದವು. ಅದೇ ಸಭೆಯಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ತಾತ್ತ್ವಿಕವಾದ ಅರ್ಥವನ್ನು ವಿವರಿಸಿದರು. ಕೇಸರಿ ನಾಯಕರ ತ್ಯಾಗವನ್ನು, ಬಿಳಿ ಸತ್ಯದ ಬೆಳಕನ್ನು, ಹಸಿರು ಮಣ್ಣಿನೊಡನೆ ನಮಗಿರುವ ಸಂಬಂಧವನ್ನು, ಚಕ್ರ ಧರ್ಮದ ನಿಯಮವನ್ನು ಸೂಚಿಸುತ್ತವೆ ಎಂಬುದು ಅವರ ವ್ಯಾಖ್ಯಾನ. ಚಕ್ರ ಚಲನೆಯ ಕುರುಹೂ ಹೌದು. ಚಲನೆಯೇ ಜೀವನ, ಜಡತೆಯೇ ಮರಣ ಎಂಬ ಅಭಿಪ್ರಾಯವನ್ನು ಅವರು ಅದಕ್ಕೆ ಸೇರಿಸಿದರು.

ಈ ಬದಲಾವಣೆ ಗಾಂಧೀಜಿಯವರಿಗೆ ಮೊದಲು ಹಿಡಿಸಲಿಲ್ಲ ಎಂಬುದನ್ನು ಮರೆಯಬಾರದು. ಚರಕ ಬಡವನ ದುಡಿಮೆಯ ಗುರುತು. ಚಕ್ರ ಚಕ್ರವರ್ತಿಯೊಬ್ಬನ ಗುರುತು. ಗುಡಿಸಿಲಿನ ಸಾಧನವನ್ನು ತೆಗೆದು ಸಾಮ್ರಾಜ್ಯದ ಚಿಹ್ನೆಯನ್ನು ಇಟ್ಟುದು ಸರಿಯೆ ಎಂಬ ಪ್ರಶ್ನೆ ಇಂದಿಗೂ ವಿಚಾರಾರ್ಹವಾಗಿದೆ. ಇದಕ್ಕೆ ಸಮಾಧಾನ ಸಾರನಾಥದ ಶಿಲ್ಪದಲ್ಲಿಯೇ ದೊರೆಯಬಹುದು.

೨. ಸಿಂಹಬೋದಿಗೆ

ಸಾರನಾಥ ಬುದ್ಧನು ಪ್ರಥಮೋಪದೇಶವನ್ನು ಮಾಡಿದ ಸ್ಥಳ. ೧೯೦೪-೦೫ರಲ್ಲಿ ಓರ್ಟೆಲ್ ಅವರು ನಡೆಸಿದ ಉತ್ಖನನದಲ್ಲಿ ಅಶೋಕಸ್ತಂಭದ ಬೋದಿಗೆ ಬೆಳಕಿಗೆ ಬಂದಿತು. ಬೆನ್ನಿಗೆ ಬೆನ್ನು ತಾಗಿ ನಿಂತ ನಾಲ್ಕು ಸಿಂಹಗಳು. ಅವುಗಳ ಕೆಳಗಿನ ದುಂಡು ಪೀಠದಲ್ಲಿ ಆನೆ, ಕುದುರೆ, ಗೂಳಿ, ಸಿಂಹಗಳೂ ಅವುಗಳ ನಡುನಡುವೆ ೨೪ ಅರೆಗಳ ಚಕ್ರಗಳೂ. ಅದರ ಕೆಳಗೆ ಕವುಚಿದ ಕಮಲ. ೧೯೫೦ನೆಯ ಜನವರಿ ೨೬ರಂದು ಇದನ್ನೇ ರಾಜ್ಯಲಾಂಛನವಾಗಿ ಅಂಗೀಕರಿಸಿದಾಗ ಕಮಲವನ್ನು ಬಿಡಲಾಯಿತು.

ಮೂಲದಲ್ಲಿ ಸಿಂಹಗಳ ಮೇಲೆ ಒಂದು ದೊಡ್ಡ ಚಕ್ರವಿದ್ದಿತು. ಅದು ಒಡೆದುಹೋಗಿ ಚೂರುಗಳು ಮಾತ್ರ ದೊರೆತಿವೆ. ಮೂಲದ ವಿನ್ಯಾಸದಲ್ಲಿ ಪರಾಕ್ರಮದ ಪ್ರತೀಕವಾದ ಸಿಂಹ ಧರ್ಮದ ಪ್ರತೀಕವಾದ ಚಕ್ರವನ್ನು ಹೊತ್ತಿದ್ದಿತು. ಎಂದರೆ ಬಲ ಕೆಳಗೆ, ಧರ್ಮ ಮೇಲೆ. ಲಾಂಛನದಲ್ಲಿ ಕಾಣದ ಆ ಮೇಲಿನ ಚಕ್ರದ ಸ್ಥಾನವನ್ನು ಧ್ವಜದ ಚಕ್ರ ತುಂಬುತ್ತದೆ ಎಂದು ನಾವು ಭಾವಿಸುತ್ತೇವೆ. ಇವೆರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಅರ್ಥ ಪೂರ್ಣವಾಗುತ್ತದೆ.

ಧರ್ಮವು ಅಧಿಕಾರಕ್ಕಿಂತ ಮೇಲಿನದು ಎಂಬ ವಿಚಾರ ಬೌದ್ಧರದು ಮಾತ್ರವಲ್ಲ. ಬೃಹದಾರಣ್ಯಕೋಪನಿಷತ್ತು ಧರ್ಮವನ್ನು ಕ್ಷತ್ರಕ್ಕೂ ಮೇಲಿನ ಕ್ಷತ್ರವೆಂದು ಕರೆದು, ಅದರ ಬಲದಿಂದ ದುರ್ಬಲನೂ ಬಲಿಷ್ಠನನ್ನು ಎದುರಿಸಬಲ್ಲನೆಂದು ಹೇಳುತ್ತದೆ. ಹೀಗಿರಲು, ಚಕ್ರವನ್ನು ಒಂದು ಮತದ ಸೊತ್ತೆಂದು ತಿಳಿಯಬೇಕಾಗಿಲ್ಲ. ಆಳುವವನೂ ಕಟ್ಟಳೆಗೆ ಅಧೀನನು ಎಂಬ ತತ್ತ್ವದ ಗುರುತೆಂದು ತಿಳಿಯಬಹುದು.

ಅಶೋಕನ ಧರ್ಮಕ್ಕೆ ಕನ್ನಡನಾಡಿನ ಬಂಡೆಗಳೂ ಸಾಕ್ಷಿಯಾಗಿವೆ. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಹೆಸರುಗೊಂಡು ಸ್ಥಿರಪಡಿಸಿದುದು ೧೯೧೫ರಲ್ಲಿ ದೊರೆತ ಮಸ್ಕಿಯ ಶಾಸನ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಳಿಯ ಗುಡಿಯೊಳಗೆ ಮೂರ್ತಿಯ ಪೀಠವಾಗಿದ್ದ ಶಿಲೆಯಲ್ಲಿ ಅವನ ಹನ್ನೆರಡನೆಯ ಶಾಸನವೂ ಕಂಡುಬಂದಿತು. ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡನ್ನು ಮಾಡುತ್ತಾನೆ ಎಂಬುದು ಆ ಶಾಸನದ ತಾತ್ಪರ್ಯ.

೩. ಪ್ರಸ್ತಾವನೆ

ಆದರೂ ಅಶೋಕನ ರಾಜ್ಯಕ್ಕೂ ನಮ್ಮ ಗಣರಾಜ್ಯಕ್ಕೂ ಒಂದು ಮೂಲಭೂತವಾದ ಅಂತರವಿದೆ. ಅಶೋಕನು ಪ್ರಜೆಗಳನ್ನು ತನ್ನ ಮಕ್ಕಳೆಂದು ಕರೆದನು. ಮಾತು ವಾತ್ಸಲ್ಯದ್ದು, ಆದರೆ ಅಲ್ಲಿ ಧರ್ಮ ಮೇಲಿನಿಂದ ಇಳಿದುಬರುತ್ತದೆ. ೧೯೪೬ನೆಯ ಡಿಸೆಂಬರ್ ೧೩ರಂದು ಮಂಡಿತವಾಗಿ ೧೯೪೭ನೆಯ ಜನವರಿ ೨೨ರಂದು ಅಂಗೀಕೃತವಾದ ಧ್ಯೇಯನಿರ್ಣಯ ಸಮಸ್ತ ಅಧಿಕಾರವೂ ಜನರಿಂದಲೇ ಬರತಕ್ಕದ್ದೆಂದು ಸಾರಿತು. ಸಂವಿಧಾನದ ಪ್ರಸ್ತಾವನೆಯಲ್ಲಿಯೂ ಕರ್ತೃಪದ ಜನರೇ. ಕೊಡುವವರೂ ಅವರೇ, ಪಡೆಯುವವರೂ ಅವರೇ.

೧೯೪೯ನೆಯ ಅಕ್ಟೋಬರ್ ೧೭ರಂದು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಎಚ್. ವಿ. ಕಾಮತ್ ಅವರು ಸೂಚಿಸಿದರು. ಪ್ರತಿಯೊಬ್ಬನ ಅಂತರಂಗಕ್ಕೆ ಸಂಬಂಧಿಸಿದ ವಿಷಯದಲ್ಲಿ ಸಮೂಹದ ಅಭಿಪ್ರಾಯವನ್ನು ಹೇರಬಾರದೆಂದು ಹೃದಯನಾಥ ಕುಂಜ್ರು ಅವರು ವಾದಿಸಿದರು. ಸೂಚನೆಯ ಪರವಾಗಿ ೪೧, ವಿರುದ್ಧವಾಗಿ ೬೮ ಮತಗಳು ಬಂದು ಅದು ಬಿದ್ದುಹೋಯಿತು. ಇದು ನಾಸ್ತಿಕತೆಯ ಗೆಲುವಲ್ಲ. ವಿರೋಧಿಸಿದವರಲ್ಲಿ ಆಸ್ತಿಕರೂ ಇದ್ದರು. ಆಗ ನಿರ್ಣಯವಾದುದು ದೇವರ ಅಸ್ತಿತ್ವವಲ್ಲ, ರಾಜ್ಯದ ಮೇರೆ.

ಪ್ರಸ್ತಾವನೆಯ ನಾಲ್ಕು ಆದರ್ಶಗಳಾದ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳಲ್ಲಿ ಕೊನೆಯದು ಧ್ಯೇಯನಿರ್ಣಯದಲ್ಲಿ ಇರಲಿಲ್ಲ. ಕರಡು ಸಮಿತಿ ಅದನ್ನು ಸೇರಿಸಿತು. ೧೯೪೮ನೆಯ ಫೆಬ್ರವರಿ ೨೧ರಂದು ಕರಡನ್ನು ಒಪ್ಪಿಸುತ್ತ, ಸೋದರಭಾವದ ಅಗತ್ಯ ಹಿಂದೆಂದಿಗಿಂತಲೂ ಈಗ ಹೆಚ್ಚಾಗಿದೆ ಎಂಬ ಕಾರಣವನ್ನು ಅಂಬೇಡ್ಕರ್ ಅವರು ಕೊಟ್ಟರು. ಗಾಂಧೀಜಿಯವರ ಹತ್ಯೆಯಾಗಿ ಆಗ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ವಿಭಜನೆಯ ರಕ್ತ ಆರಿರಲಿಲ್ಲ. ಈ ಪದಗಳು ಫ್ರಾನ್ಸಿನ ಕ್ರಾಂತಿಯಿಂದ ಎರವು ತಂದವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ೧೯೫೪ರ ಆಕಾಶವಾಣಿ ಭಾಷಣದಲ್ಲಿ ಅಂಬೇಡ್ಕರ್ ಅವರು, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ತಾವು ಪಡೆದುದು ಬುದ್ಧನ ಉಪದೇಶದಿಂದಲೇ ಹೊರತು ಫ್ರಾನ್ಸಿನಿಂದಲ್ಲವೆಂದು ತಮ್ಮ ಜೀವನದರ್ಶನವನ್ನು ನಿರೂಪಿಸಿದರು. ಅವರ ದೃಷ್ಟಿಯಿಂದ ನೋಡಿದರೆ ಧ್ವಜದ ಚಕ್ರವೂ ಪ್ರಸ್ತಾವನೆಯ ಭ್ರಾತೃತ್ವವೂ ಒಂದೇ ಸೆಲೆಯಿಂದ ಬಂದವು.

೪. ಉಪಸಂಹಾರ

ದೀಘನಿಕಾಯದ ‘ಚಕ್ಕವತ್ತಿ ಸೀಹನಾದ ಸುತ್ತ’ದಲ್ಲಿ ಒಂದು ಕಥೆಯಿದೆ. ಧರ್ಮದಿಂದ ಆಳುವ ರಾಜನ ಬಳಿ ದಿವ್ಯಚಕ್ರವೊಂದು ನೆಲಸಿರುತ್ತದೆ. ಅವನು ರಾಜ್ಯವನ್ನು ತ್ಯಜಿಸಿದ ಮೇಲೆ ಅದು ಮರೆಯಾಗಲು ಮಗ ದುಃಖಿಸುತ್ತಾನೆ. ಈ ಚಕ್ರ ಪಿತ್ರಾರ್ಜಿತವಾದ ಆಸ್ತಿಯಲ್ಲ, ನೀನು ಧರ್ಮವನ್ನು ನಡೆಸಿ ಅದನ್ನು ಪಡೆಯಬೇಕು ಎಂದು ಅವನಿಗೆ ತಿಳಿಯಹೇಳುತ್ತಾರೆ. ಮುಂದೆ ಒಬ್ಬ ರಾಜನು ನಿರ್ಧನರಿಗೆ ಧನವನ್ನು ಕೊಡದೆಹೋದುದರಿಂದ ಬಡತನ ಬೆಳೆಯಿತು. ಬಡತನದಿಂದ ಕಳವು, ಕಳವಿನಿಂದ ಶಸ್ತ್ರ, ಶಸ್ತ್ರದಿಂದ ಕೊಲೆ ಬೆಳೆದವು ಎಂದು ಕಥೆ ಮುಂದುವರಿಯುತ್ತದೆ.

ಈ ಕಥೆ ಸಂವಿಧಾನಕಾರರ ಮನಸ್ಸಿನಲ್ಲಿ ಇದ್ದಿತೆಂದು ನಾವು ಹೇಳುತ್ತಿಲ್ಲ. ಆದರೆ ೧೯೪೯ನೆಯ ನವೆಂಬರ್ ೨೫ರಂದು ಅಂಬೇಡ್ಕರ್ ಅವರು ಕೊಟ್ಟ ಎಚ್ಚರಿಕೆ ಇದೇ ಜಾಡಿನದು: ಜನವರಿ ೨೬ರಿಂದ ರಾಜಕೀಯದಲ್ಲಿ ನಾವು ಸಮಾನರಾಗುತ್ತೇವೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನರಾಗಿಯೇ ಉಳಿಯುತ್ತೇವೆ, ಈ ವೈರುಧ್ಯವನ್ನು ಬೇಗ ಕಳೆಯದಿದ್ದರೆ ಅಸಮಾನತೆಯಿಂದ ನೊಂದವರು ಕಟ್ಟಿದುದೆಲ್ಲವನ್ನೂ ಕೆಡವಿಬಿಡುವರು.

ಗಾಂಧೀಜಿಯವರ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ಬಡವನ ಯೋಗಕ್ಷೇಮವನ್ನು ಮರೆತಲ್ಲಿ ಚಕ್ರ ಕೇವಲ ಸಾಮ್ರಾಜ್ಯದ ಚಿಹ್ನೆಯಾಗುತ್ತದೆ. ನೆನೆದಲ್ಲಿ ಅದು ಚರಕದ ಅರ್ಥವನ್ನೂ ಒಳಗೊಳ್ಳುತ್ತದೆ. ಮತಮೂಲವಾದ ಸಂಕೇತಗಳು ರಾಜ್ಯಕ್ಕೆ ಒಗ್ಗಿದುದೂ ಇದೇ ಬಗೆಯಿಂದ: ಅವುಗಳ ಮೂಲವನ್ನು ಮರೆಮಾಡಿ ಅಲ್ಲ, ಎಲ್ಲ ಮತದವರೂ ರಾಜ್ಯದಿಂದ ಕೇಳಬಹುದಾದ ಕರ್ತವ್ಯವನ್ನು ಅವುಗಳಲ್ಲಿ ಓದಿ. ಆ ಕರ್ತವ್ಯ ನೆರವೇರಿತೆ ಇಲ್ಲವೆ ಎಂಬುದನ್ನು ನೋಡಿಕೊಳ್ಳುವ ಹೊಣೆ ಗಣರಾಜ್ಯದಲ್ಲಿ ಒಬ್ಬ ರಾಜನದಲ್ಲ. ಪ್ರಸ್ತಾವನೆಯ ಕರ್ತೃಪದದಲ್ಲಿ ಸೇರಿದ ಎಲ್ಲರದೂ ಆಗಿದೆ.