ನಾಗರಕಲ್ಲು, ಧ್ವಜ, ರೇಷ್ಮೆಗೂಡು: ವಸ್ತುಮಹಿಮೆಯ ವಿಚಾರ

ಜಡವಸ್ತುವಿನಲ್ಲಿ ಶಕ್ತಿಯುಂಟೆಂದು ಭಾವಿಸಿ ಅದನ್ನು ಪೂಜಿಸುವುದನ್ನು ಪಾಶ್ಚಾತ್ಯ ವಿದ್ವಾಂಸರು ‘ಫೆಟಿಷ್’ ಆರಾಧನೆಯೆಂದು ಕರೆದರು. ಪಶ್ಚಿಮ ಆಫ್ರಿಕದ ಕರಾವಳಿಗೆ ಹೋದ ಪೋರ್ಚುಗೀಸರ ಮಾತಿನಿಂದ ಹುಟ್ಟಿದ ಈ ಪದವನ್ನು ಫ್ರಾನ್ಸಿನ ಷಾರ್ಲ್ ದ ಬ್ರಾಸ್ 1760ರಲ್ಲಿ ಶಾಸ್ತ್ರಪರಿಭಾಷೆಯಾಗಿ ಬಳಸಿದನು. ಇದು ಮಾನವಬುದ್ಧಿಯ ಶೈಶವದ ಭ್ರಾಂತಿಯೆಂಬುದು ಅವನ ಮತ. ಚಿಕ್ಕಬಳ್ಳಾಪುರ ಜಿಲ್ಲೆಯ ಮೂರು ವಸ್ತುಗಳನ್ನು ಮುಂದಿಟ್ಟುಕೊಂಡು ಈ ಮತವನ್ನು ಪರೀಕ್ಷಿಸಬಹುದು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಹರಕೆ ಹೊತ್ತವರು ಸ್ಥಾಪಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಕಲ್ಕುಟಿಗನ ಬಳಿ ಇರುವವರೆಗೆ ಆ ಕಲ್ಲು ಕ್ರಯದ ಸರಕು. ಪ್ರತಿಷ್ಠೆಯಾದ ಮೇಲೆ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಕಲ್ಲು ಬದಲಾಗಲಿಲ್ಲ, ಜನರಿಗೂ ಅದಕ್ಕೂ ಇರುವ ಸಂಬಂಧ ಬದಲಾಯಿತು. ಪಾವಿತ್ರ್ಯವು ವಸ್ತುವಿನ ಸಹಜಗುಣವಲ್ಲ, ಸಮಾಜವು ಅದಕ್ಕೆ ಕೂಡಿಸಿದುದು ಎಂದು ಎಮಿಲ್ ದುರ್ಖೈಮ್ 1912ರಲ್ಲಿ ಪ್ರತಿಪಾದಿಸಿದನು. ಧ್ವಜಕ್ಕಾಗಿ ಪ್ರಾಣ ಕೊಡುವ ಯೋಧನೇ ಅವನ ನಿದರ್ಶನ.

ಆ ನಿದರ್ಶನವು ಇದೇ ಕ್ಷೇತ್ರದಲ್ಲಿ ನಿಜವಾಯಿತು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ಇಲ್ಲಿ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರು 32 ಮಂದಿಯೆಂದು ಜನರು ಹೇಳುವರು. ಸರಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಧ್ವಜವು ಬರಿಯ ಬಟ್ಟೆಯಾಗಿದ್ದರೆ ಅದನ್ನು ಏರಿಸುವ ಹಟವೂ ಬೇಡ, ತಡೆಯುವ ಬಂದೂಕವೂ ಬೇಡ. ಅದರ ಮಹಿಮೆಯನ್ನು ಎರಡು ಪಕ್ಷದವರೂ ಸಮನಾಗಿ ನಂಬಿದ್ದರು. ಮರುತಿಂಗಳ ಮಿರ್ಜಾ–ಪಟೇಲ್ ಒಪ್ಪಂದವು ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಎಡೆಗೊಟ್ಟಿತು. ಎರಡು ಧ್ವಜಗಳು ಜೊತೆಯಾಗಿ ನಿಂತುದು ಎರಡು ಅಧಿಕಾರಗಳ ಸಂಧಿಯೇ ಸರಿ.

ಮೂರನೆಯದು ಶಿಡ್ಲಘಟ್ಟದ ಮಾರುಕಟ್ಟೆಯ ರೇಷ್ಮೆಗೂಡು. ಹರಾಜಿನಲ್ಲಿ ಗೂಡಿನ ಬೆಲೆ ಏರುವುದು, ಇಳಿಯುವುದು ಗೂಡಿನದೇ ಗುಣವೆಂಬಂತೆ ತೋರುತ್ತದೆ. ಹಿಪ್ಪುನೇರಳೆ ಬೆಳೆದವನ, ರಾತ್ರಿಯೆಲ್ಲ ಹುಳುವಿಗೆ ಸೊಪ್ಪಿಕ್ಕಿದವಳ, ನೂಲು ತೆಗೆಯುವವರ ಶ್ರಮ ಆ ಬೆಲೆಯಲ್ಲಿ ಕಾಣಿಸದು. ಮನುಷ್ಯರ ಸಂಬಂಧವು ಹೀಗೆ ವಸ್ತುಗಳ ಸಂಬಂಧವಾಗಿ ಕಾಣುವುದನ್ನೇ ಕಾರ್ಲ್ ಮಾರ್ಕ್ಸ್ 1867ರಲ್ಲಿ ಸರಕಿನ ‘ಫೆಟಿಷ್’ ಗುಣವೆಂದು ಕರೆದನು.

ಆದುದರಿಂದ ವಸ್ತುಮಹಿಮೆಯು ಅನಾಗರಿಕರ ಭ್ರಾಂತಿ ಮಾತ್ರವೆಂಬ ಮತ ನಿಲ್ಲದು. ವಸ್ತುವಿನ ಆಸರೆಯಿಲ್ಲದೆ ಯಾವ ಸಮಾಜದ ಭಾವನೆಯೂ ಬಹುಕಾಲ ಬಾಳದು. ಭೇದವಿರುವುದು ಬೇರೊಂದೆಡೆಯಲ್ಲಿ. ನಾಗರಕಲ್ಲಿನ ಮುಂದೆ ಕೈಮುಗಿಯುವವರು ಹರಕೆ ಯಾರದು, ಯಾವುದಕ್ಕೆಂಬುದನ್ನು ಬಲ್ಲರು. ಧ್ವಜವು ಮಡಿದವರನ್ನು ನೆನಪಿಗೆ ತರುತ್ತದೆ. ಬೆಲೆಯಾದರೋ ದುಡಿದವರನ್ನು ಮರೆಸುತ್ತದೆ. ಪರೀಕ್ಷೆಗೆ ಹೆಚ್ಚು ಅರ್ಹವಾದುದು ಈ ಮರೆವೇ.