ಕಳೆದ ಹೆಸರನ್ನು ಮರಳಿ ಗಳಿಸಿದ ಬೈಕು: ಹೋಂಡಾ ವಿಎಫ್‌ಆರ್ ಸಾಗಿ ಬಂದ ಹಾದಿ

ಮೋಟಾರ್‌ಸೈಕಲ್ ತಯಾರಕರು ಹೆಸರು ಗಳಿಸಲು ದಶಕಗಳೇ ಬೇಕು. ಅದನ್ನು ಕಳೆದುಕೊಳ್ಳಲು ಎಂಜಿನ್ನಿನೊಳಗಿನ ಒಂದು ಬಿಡಿಭಾಗ ಸಾಕು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಹೋಂಡಾ ಕಂಪೆನಿಗೆ ಎದುರಾದದ್ದು ಇಂತಹುದೇ ಸಂಕಷ್ಟ. ಅದರಿಂದ ಪಾರಾಗಲು ಕಂಪೆನಿ ರೂಪಿಸಿದ ವಿಎಫ್‌ಆರ್ ಮಾದರಿಯು ಮುಂದೆ 'ಸ್ಪೋರ್ಟ್ಸ್ ಟೂರಿಂಗ್' ವರ್ಗಕ್ಕೇ ಅಳತೆಗೋಲಾಯಿತು.

ಓಟದ ಬೈಕಿನ ವೇಗ ಮತ್ತು ಚುರುಕುತನವನ್ನು ದೂರ ಪ್ರಯಾಣದ ಬೈಕಿನ ಸೌಕರ್ಯದೊಡನೆ ಬೆಸೆಯುವುದೇ ಸ್ಪೋರ್ಟ್ಸ್ ಟೂರಿಂಗ್ ಬೈಕಿನ ಗುರಿ. ತಿರುವಿನಲ್ಲಿ ಅದು ಅಳುಕದೆ ವಾಲಬೇಕು. ದಿನವಿಡೀ ಸವಾರಿ ಮಾಡಿದರೂ ಸವಾರನ ಬೆನ್ನು ನೋಯಬಾರದು. ಈ ಎರಡು ಗುಣಗಳು ಪರಸ್ಪರ ವಿರುದ್ಧವಾದವು. ಆದುದರಿಂದ ಇಂತಹ ಬೈಕಿನ ಪ್ರತಿಯೊಂದು ಪೀಳಿಗೆಯೂ ಒಂದು ಹೊಸ ರಾಜಿಯೇ ಆಗಿರುತ್ತದೆ.

ವಿ-4 ಎಂಬ ಸಾಹಸ

ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರ್‌ಗಳನ್ನು ಅಡ್ಡಲಾಗಿ ಜೋಡಿಸಿದರೆ ಎಂಜಿನ್ ಅಗಲವಾಗುತ್ತದೆ. ಎರಡನ್ನು ಮುಂದಕ್ಕೂ ಎರಡನ್ನು ಹಿಂದಕ್ಕೂ 90 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ ಎಂಜಿನ್ ಕಿರಿದಾಗುವುದಲ್ಲದೆ ಕಂಪನವೂ ತಗ್ಗುತ್ತದೆ. ಈ 'ವಿ-4' ವಿನ್ಯಾಸದ ಬೈಕುಗಳನ್ನು ಹೋಂಡಾ 1982ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅವುಗಳ ಬೆನ್ನಿಗೇ ಬಂದ 748 ಸಿ.ಸಿ.ಯ ವಿಎಫ್750ಎಫ್ ಅಮೆರಿಕದಲ್ಲಿ 'ಇಂಟರ್‌ಸೆಪ್ಟರ್' ಎಂದು ಹೆಸರಾಯಿತು.

ಆದರೆ ಕೆಲವೇ ಸಾವಿರ ಕಿ.ಮೀ. ಓಡಿದ ಬೈಕುಗಳಲ್ಲಿಯೂ ಕ್ಯಾಮ್‌ಶಾಫ್ಟ್‌ಗಳು ಸವೆಯತೊಡಗಿದವು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಕ್ಷಣದಲ್ಲಿ ತೆರೆಯುವ ದಂಡವೇ ಕ್ಯಾಮ್‌ಶಾಫ್ಟ್. ಅದರ ಉಬ್ಬುಗಳ ಮೇಲ್ಮೈ ಕಿತ್ತುಬಂದರೆ ಎಂಜಿನ್ ಸದ್ದು ಮಾಡುತ್ತದೆ, ಶಕ್ತಿ ಕುಂದುತ್ತದೆ. ಎಂಜಿನ್ನಿನ ಮೇಲ್ಭಾಗಕ್ಕೆ ಆಯಿಲ್ ಸಾಲದು ಎಂದು ಕೆಲವರು ದೂರಿದರೆ, ಕ್ಯಾಮ್ ಕೂರುವ ಜಾಗದಲ್ಲಿ ಸಡಿಲವಿದೆ ಎಂದು ಇನ್ನು ಕೆಲವರು ಬೆರಳು ತೋರಿದರು. ಕಂಪೆನಿ ಹಲವು ಬಾರಿ ಕ್ಯಾಮ್‌ಗಳನ್ನು ಮಾರ್ಪಡಿಸಬೇಕಾಯಿತು.

ವಿಪರ್ಯಾಸವೆಂದರೆ, ಇದೇ ಬೈಕು ಓಟದ ಕಣದಲ್ಲಿ ಗೆಲ್ಲುತ್ತಲೇ ಇತ್ತು. ಅಮೆರಿಕದ ಪ್ರತಿಷ್ಠಿತ ಡೇಟೋನಾ 200 ಓಟವನ್ನು 1985ರಲ್ಲಿ ಫ್ರೆಡ್ಡಿ ಸ್ಪೆನ್ಸರ್ ಗೆದ್ದದ್ದು ವಿಎಫ್750ಎಫ್ ಮೇಲೆ. ಆದರೆ ಹಣ ತೆತ್ತು ಬೈಕು ಕೊಂಡು ಗ್ಯಾರೇಜಿನ ಮುಂದೆ ಕಾಯುತ್ತಿದ್ದ ಗ್ರಾಹಕನಿಗೆ ಆ ಗೆಲುವಿನಿಂದ ಸಮಾಧಾನವಾಗಲಿಲ್ಲ.

ಗಿಯರ್ ಸಾಲಿನ ಉತ್ತರ

1986ರಲ್ಲಿ ಬಂದ ವಿಎಫ್‌ಆರ್750ಎಫ್ ಈ ಅಪನಂಬಿಕೆಗೆ ಹೋಂಡಾ ಕೊಟ್ಟ ಉತ್ತರ. ಎಂಜಿನ್ನಿನ ಅಳತೆ ಅದೇ 748 ಸಿ.ಸಿ.; ಒಳಗಿನ ರಚನೆ ಮಾತ್ರ ಬಹುಪಾಲು ಹೊಸದು. ಕ್ಯಾಮ್‌ಗಳನ್ನು ತಿರುಗಿಸಲು ಚೈನಿನ ಬದಲು ಗಿಯರ್ ಚಕ್ರಗಳ ಸಾಲನ್ನೇ ಅಳವಡಿಸಲಾಯಿತು. ಉಕ್ಕಿನ ಫ್ರೇಮ್ ಹೋಗಿ ಅಲ್ಯೂಮಿನಿಯಂ ಫ್ರೇಮ್ ಬಂದಿತು. ತೂಕ ಸುಮಾರು 20 ಕೆ.ಜಿ.ಯಷ್ಟು ಇಳಿಯಿತು, ಶಕ್ತಿ ನೂರು ಅಶ್ವಶಕ್ತಿಯ ಗಡಿ ದಾಟಿತು.

ಕ್ಯಾಮ್ ಸವೆತಕ್ಕೆ ಚೈನು ಮುಖ್ಯ ಕಾರಣವಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಗಿಯರ್ ಸಾಲು ದುಬಾರಿ, ತೂಕವೂ ಹೆಚ್ಚು. ಆದರೆ ಅದು ಚೈನಿನಂತೆ ಜಗ್ಗುವುದಿಲ್ಲ, ವಾಲ್ವಿನ ಲೆಕ್ಕ ತಪ್ಪುವುದಿಲ್ಲ. ಈ ಬಾರಿ ಖರ್ಚಿಗೆ ಹಿಂದೆಗೆದಿಲ್ಲ ಎಂಬುದನ್ನು ಗ್ರಾಹಕನಿಗೆ ಮನಗಾಣಿಸುವ ಕ್ರಮವೂ ಅದಾಗಿತ್ತು. ಗಿಯರ್‌ಗಳಿಂದ ಹೊಮ್ಮುತ್ತಿದ್ದ ಸಿಳ್ಳೆಯಂತಹ ನಾದವೇ ಈ ಬೈಕಿನ ಗುರುತಾಯಿತು. ವಿಎಫ್‌ಆರ್ ಎಂದರೆ ನಂಬಬಹುದಾದ ಬೈಕು ಎಂಬ ಮಾತು ಕೆಲವೇ ವರ್ಷಗಳಲ್ಲಿ ಬೇರೂರಿತು. ಜಪಾನಿನ ಪೊಲೀಸರೂ ಚಾಲನಾ ತರಬೇತಿ ಶಾಲೆಗಳೂ ಇದರ ವಿಶೇಷ ಆವೃತ್ತಿಗಳನ್ನು ಬಳಸಿದವು.

ಓಟದ ಕಣದಿಂದ ಹೆದ್ದಾರಿಗೆ

1990ರ ಪೀಳಿಗೆಯಲ್ಲಿ ಹಿಂಬದಿ ಚಕ್ರವನ್ನು ಒಂದೇ ಪಕ್ಕದ ತೋಳು ಹಿಡಿದಿತ್ತು. ದೀರ್ಘಾವಧಿ ಓಟಗಳಲ್ಲಿ ಚಕ್ರವನ್ನು ಬೇಗ ಬದಲಿಸಲೆಂದು ಬೆಳೆದ ತಂತ್ರವಿದು. ದಾರಿಯಲ್ಲಿ ಪಂಕ್ಚರ್ ಆದ ಸಾಮಾನ್ಯ ಸವಾರನಿಗೂ ಅದರಿಂದ ಉಪಯೋಗವಾಯಿತು. 1994ರಲ್ಲಿ ಹೊರರೂಪ ಬದಲಾಯಿತು. ಅಂಡಾಕಾರದ ಪಿಸ್ಟನ್‌ಗಳಿಂದ ಹೆಸರಾದ ಹೋಂಡಾದ ದುಬಾರಿ ಎನ್‌ಆರ್ ಬೈಕಿನ ಛಾಯೆ ಅದರಲ್ಲಿ ಕಾಣುತ್ತಿತ್ತು.

1998ರಲ್ಲಿ ಎಂಜಿನ್ 782 ಸಿ.ಸಿ.ಗೆ ಹಿಗ್ಗಿತು. ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿತು; ರೇಡಿಯೇಟರ್‌ಗಳು ಪಕ್ಕಕ್ಕೆ ಸರಿದವು. ಮುಂದಿನ ಬ್ರೇಕ್ ಹಿಡಿದರೆ ಹಿಂದಿನದೂ, ಹಿಂದಿನದನ್ನು ತುಳಿದರೆ ಮುಂದಿನದೂ ಒಂದಿಷ್ಟು ಕೆಲಸ ಮಾಡುವ ಜೋಡಿ ವ್ಯವಸ್ಥೆಯನ್ನು ಅಳವಡಿಸಲಾಯಿತು. ಗಿಯರ್ ಸಾಲಿನ ಕ್ಯಾಮ್ ಉಳಿದುಕೊಂಡಿತು. ವಿಎಫ್‌ಆರ್ ಪೀಳಿಗೆಗಳಲ್ಲೆಲ್ಲ ಇದೇ ಅತ್ಯುತ್ತಮ ಎನ್ನುವ ಸವಾರರು ಈಗಲೂ ಇದ್ದಾರೆ. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ರೆಗ್ಯುಲೇಟರ್ ಸುಟ್ಟುಹೋಗುವುದು ಮಾತ್ರ ಈ ಬೈಕುಗಳ ಬಹುಕಾಲದ ದೌರ್ಬಲ್ಯವಾಗಿತ್ತು.

ಸಿಳ್ಳೆ ನಿಂತಾಗ

2002ರಲ್ಲಿ ಹೋಂಡಾ 'ವಿಟೆಕ್' ತಂತ್ರವನ್ನು ಅಳವಡಿಸಿತು. ಕಡಿಮೆ ವೇಗದಲ್ಲಿ ಪ್ರತಿ ಸಿಲಿಂಡರಿನ ನಾಲ್ಕು ವಾಲ್ವುಗಳ ಪೈಕಿ ಎರಡು ಮಾತ್ರ ತೆರೆಯುತ್ತಿದ್ದವು. ಎಂಜಿನ್ ನಿಮಿಷಕ್ಕೆ ಸುಮಾರು 7,000 ಸುತ್ತು ಮುಟ್ಟಿದಾಗ ಉಳಿದೆರಡೂ ಕೂಡಿಕೊಳ್ಳುತ್ತಿದ್ದವು. ಇದೇ ಸಂದರ್ಭದಲ್ಲಿ ಗಿಯರ್ ಸಾಲನ್ನು ಕೈಬಿಟ್ಟು ಮತ್ತೆ ಚೈನಿಗೆ ಮರಳಲಾಯಿತು. ಹಳೆಯ ಅಭಿಮಾನಿಗಳು ಮುನಿದರು. ವಾಲ್ವು ಹೊಂದಿಸುವ ಕೆಲಸ ಜಟಿಲವಾಯಿತು, ಶಕ್ತಿ ದಿಢೀರನೆ ನುಗ್ಗುತ್ತದೆ ಎಂಬ ಆಕ್ಷೇಪಗಳು ಕೇಳಿಬಂದವು. 2006ರಲ್ಲಿ ಆ ನುಗ್ಗುವಿಕೆಯನ್ನು ಮೃದುಗೊಳಿಸಲಾಯಿತು.

2010ರ ಮಾದರಿಯಾಗಿ ಬಂದ 1,237 ಸಿ.ಸಿ.ಯ ವಿಎಫ್‌ಆರ್1200ಎಫ್ ಇನ್ನೂ ದೊಡ್ಡ ಹೆಜ್ಜೆ. ಹಿಂಬದಿ ಚಕ್ರಕ್ಕೆ ಚೈನಿಲ್ಲದ ಶಾಫ್ಟ್ ಡ್ರೈವ್. ಬೇಕೆನಿಸಿದವರಿಗೆ ಎರಡು ಕ್ಲಚ್‌ಗಳ ಸ್ವಯಂಚಾಲಿತ ಗಿಯರ್‌ಬಾಕ್ಸ್. ಒಂದು, ಮೂರು, ಐದನೆಯ ಗಿಯರ್‌ಗಳಿಗೆ ಒಂದು ಕ್ಲಚ್. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಮುಂದಿನ ಗಿಯರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಎಡೆಬಿಡದೆ ನಡೆಯುತ್ತದೆ. ಮೋಟಾರ್‌ಸೈಕಲ್‌ನಲ್ಲಿ ಈ ತಂತ್ರ ಬಂದದ್ದು ಇದೇ ಮೊದಲು. ಆದರೆ ತೂಕ 260 ಕೆ.ಜಿ. ಮೀರಿತ್ತು, ಪೆಟ್ರೋಲ್ ಟ್ಯಾಂಕ್ ಹಿಡಿಯುತ್ತಿದ್ದದ್ದು 18.5 ಲೀಟರ್ ಮಾತ್ರ. ದೂರ ಪ್ರಯಾಣದ ಬೈಕಿಗೆ ಇದು ಸಾಲದು ಎಂಬ ಟೀಕೆ ನ್ಯಾಯವಾದದ್ದೇ. ಆಮದಾದ ಈ ಬೈಕು ಭಾರತದಲ್ಲಿಯೂ ಅಧಿಕೃತವಾಗಿ ಮಾರಾಟಕ್ಕೆ ಬಂದಿತ್ತು.

2014ರಲ್ಲಿ ಹೋಂಡಾ ಮತ್ತೆ 782 ಸಿ.ಸಿ.ಗೆ ಹಿಂದಿರುಗಿ, ತೂಕ ಇಳಿಸಿದ ವಿಎಫ್‌ಆರ್800ಎಫ್ ಬೈಕನ್ನು ಹೊರತಂದಿತು. ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರಲ್ಲಿತ್ತು. ಆದರೆ ಕಾಲ ಬದಲಾಗಿತ್ತು. ದೂರ ಹೋಗುವವರು ಎತ್ತರದ 'ಅಡ್ವೆಂಚರ್' ಬೈಕುಗಳತ್ತ ಹೊರಳಿದ್ದರು. ಹೊಗೆ ಮಾಲಿನ್ಯದ ನಿಯಮಗಳೂ ಬಿಗಿಯಾದವು. ಒಂದೊಂದೇ ಮಾರುಕಟ್ಟೆಯಿಂದ ಈ ಬೈಕು ಮರೆಯಾಯಿತು.

ಉಳಿದದ್ದೇನು?

ವಿಎಫ್‌ಆರ್1200ಎಫ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಅದರ ಗಿಯರ್‌ಬಾಕ್ಸ್ ನಿಂತಿತು. 2017ರಲ್ಲಿ ಭಾರತಕ್ಕೆ ಬಂದ ಹೋಂಡಾ ಆಫ್ರಿಕಾ ಟ್ವಿನ್ ಬೈಕಿನಲ್ಲಿದ್ದದ್ದು ಅದೇ ಎರಡು ಕ್ಲಚ್‌ಗಳ ತಂತ್ರದ ಮುಂದುವರಿಕೆ.

ಅದಕ್ಕಿಂತ ಮಿಗಿಲಾಗಿ ಉಳಿದದ್ದು ಒಂದು ಪಾಠ. 1986ರ ವಿಎಫ್‌ಆರ್ ಜನರ ಮನ ಗೆದ್ದದ್ದು ವೇಗದಿಂದಲ್ಲ. ವೇಗ ಹಿಂದಿನ ಬೈಕಿಗೂ ಇತ್ತು. ಕೆಟ್ಟದ್ದು ಯಾವುದೆಂದು ಒಪ್ಪಿ, ಅದೇ ಜಾಗದಲ್ಲಿ ಅಗತ್ಯಕ್ಕಿಂತ ಗಟ್ಟಿಯಾದುದನ್ನು ಕೂರಿಸಿದ್ದರಿಂದ ಅದು ಗೆದ್ದಿತು. ಮುಂದಿನ ಪೀಳಿಗೆಗಳಲ್ಲಿ ತಂತ್ರಜ್ಞಾನ ಹೆಚ್ಚುತ್ತಲೇ ಹೋಯಿತು. ಆದರೂ ಹಳೆಯ ಸವಾರರು ಇಂದಿಗೂ ನೆನೆಯುವುದು ಆ ಗಿಯರ್‌ಗಳ ಸಿಳ್ಳೆಯನ್ನು.